"ಮನೆಯಲ್ಲೇ ಕಲಿಸಿ" ಅಂದರೆ ಒಪ್ಪಲೇಬೇಕಾ?

ನಡೆಯಲು ಕಷ್ಟವಿರುವ ನಿಮ್ಮ 7 ವರ್ಷದ ಮಗಳನ್ನು ಸರ್ಕಾರಿ ಶಾಲೆಗೆ ಸೇರಿಸಲು ಹೋದಾಗ "ಮನೆಯಲ್ಲೇ ಪಾಠ ಹೇಳಿಸಿ" ಅಂದರು, ಇದು ಸರಿಯಾ ಎಂದು ಕೇಳಿದ್ದೀರಿ. ಸರಿಯಲ್ಲ ಮೇಡಂ.

ಮನೆಯಲ್ಲೇ ಕಲಿಯುವ ಅವಕಾಶ ಶಿಕ್ಷಣ ಹಕ್ಕು ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಬಂತು, ಅದೂ ತೀವ್ರ ಅಥವಾ ಬಹು ಅಂಗವೈಕಲ್ಯವಿರುವ ಮಕ್ಕಳಿಗೆ. ಬೇಕಾದರೆ ಆರಿಸಿಕೊಳ್ಳುವ ಹಕ್ಕು ಅದು, ಶಾಲೆ ನಿಮ್ಮ ಮೇಲೆ ಹೇರುವಂಥದ್ದಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇನ್ನೂ ಸ್ಪಷ್ಟವಾಗಿದೆ. ಶೇ. 40 ಅಥವಾ ಹೆಚ್ಚು ವೈಕಲ್ಯವಿದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೇ ಉಚಿತವಾಗಿ ಓದಬಹುದು. ವಿಶೇಷ ಶಾಲೆ ಬೇಕೆಂದರೆ ಆ ಆಯ್ಕೆಯೂ ನಿಮ್ಮದೇ.

ಬಾಯಿ ಮಾತಲ್ಲಿ ಕೇಳಿದರೆ ಬಾಯಿ ಮಾತಲ್ಲೇ ಸಾಗಹಾಕುತ್ತಾರೆ. ಅರ್ಜಿ ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ನಿರಾಕರಿಸಿದರೆ ಕಾರಣವನ್ನು ಬರೆದು ಕೊಡಿ ಎನ್ನಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ, ಯಾಕೆಂದರೆ ಅದನ್ನು ಬರೆದು ಸಹಿ ಹಾಕಲು ಯಾರಿಗೂ ಧೈರ್ಯ ಇರುವುದಿಲ್ಲ. ಆಮೇಲೂ ಆಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. ಅಂಗವಿಕಲ ಮಕ್ಕಳ ಶಿಕ್ಷಣ ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರು ತಾಲ್ಲೂಕಿನಲ್ಲಿ ಯಾರೆಂದು ಅಲ್ಲೇ ವಿಚಾರಿಸಿ. ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಇನ್ನೂ ಮಾಡಿಸದಿದ್ದರೆ ಈಗಲೇ ಅರ್ಜಿ ಹಾಕಿ.

ಸೇರಿದ ಮೇಲೆ ಇಳಿಜಾರು ದಾರಿ, ಶೌಚಾಲಯದ ಮಾತು ಬರುತ್ತದಲ್ವಾ? ಅದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಎತ್ತಿ. ಅಲ್ಲಿ ಇರುವವರಲ್ಲಿ ಪೋಷಕರೇ ಜಾಸ್ತಿ. ತರಗತಿ ಮಹಡಿಯ ಮೇಲಿದ್ದರೆ ಕೆಳಗೆ ಹಾಕಿಕೊಡಲು ಕೇಳಿ, ಅದಕ್ಕೆ ಒಂದು ರೂಪಾಯಿ ಅನುದಾನವೂ ಬೇಕಿಲ್ಲ.