ದನ ಸತ್ತಲ್ಲಿ ಪೊಲೀಸರಿಗೇನು ಕೆಲಸ?

ಜಾನುವಾರುಗಳ ಅನುಮಾನಾಸ್ಪದ ಸಾವಿನ ತನಿಖೆಗೆ ಪೊಲೀಸರಿಗೂ ಪಶುವೈದ್ಯರಿಗೂ ಒಟ್ಟಿಗೆ ತರಬೇತಿ ಏಕೆ, ಅವರವರ ಕೆಲಸ ಅವರವರು ಮಾಡಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ವಿಜಯಪುರ ಜಿಲ್ಲೆಯಲ್ಲಿ ಪಶುವೈದ್ಯನಾಗಿದ್ದಾಗ ನಾನು ಪಟ್ಟ ಪಾಡು ಹೇಳುತ್ತೇನೆ.

ಸಿಂದಗಿ ಕಡೆಯ ಹಳ್ಳಿಯೊಂದರಲ್ಲಿ ಒಂದೇ ಸಂಜೆ ಮೂರು ಎಮ್ಮೆ ಸತ್ತವು. ಬದುವಿನ ಜಗಳವಿದ್ದ ದಾಯಾದಿಯೇ ವಿಷ ಹಾಕಿದ್ದಾನೆ ಎಂದು ದೂರು. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಪೊಲೀಸರು ಪಂಚನಾಮೆ ಬರೆಯುತ್ತಿದ್ದರು. ‘ಹೊಟ್ಟೆ ಕೊಯ್ದು ತೋರಿಸಿ ಸಾಹೇಬರೇ’ ಎಂದರು. ಕಿವಿಯ ರಕ್ತ ಪರೀಕ್ಷಿಸದೆ ಕೊಯ್ಯಲಾರೆ ಎಂದೆ. ಅದು ನೆರಡಿ ರೋಗ (ಆಂಥ್ರಾಕ್ಸ್) ಆಗಿದ್ದರೆ, ಗಾಳಿ ತಾಗಿದ ರೋಗಾಣು ಬೀಜಕಗಳಾಗಿ ಮಣ್ಣು ಸೇರಿ ದಶಕಗಳ ಕಾಲ ಅಲ್ಲೇ ಉಳಿಯುತ್ತದೆ, ಕೊಯ್ದವನನ್ನೂ ಬಿಡುವುದಿಲ್ಲ. ಅವರಿಗೆ ಮಾತ್ರ ನಾನು ಏನನ್ನೋ ಮುಚ್ಚಿಡುತ್ತಿದ್ದೇನೆ ಎನಿಸಿತು.

ನಾನೇನು ಕಡಿಮೆಯೇ? ಅಭ್ಯಾಸಬಲದಿಂದ ‘ಕೊಟ್ಟಿಗೆ ಸ್ವಚ್ಛ ಮಾಡಿ’ ಎಂದುಬಿಟ್ಟೆ. ಗೋದಲಿ, ನೀರಿನ ಬಾನಿ ಎಲ್ಲವನ್ನೂ ತಿಕ್ಕಿ ತೊಳೆದರು. ನನ್ನ ಪಾಲಿಗೆ ಅದು ಸೋಂಕು ನಿವಾರಣೆ, ಪೊಲೀಸರ ಪಾಲಿಗೆ ಸಾಕ್ಷ್ಯನಾಶ.

ನೆರಡಿಯಲ್ಲವೆಂದು ಖಚಿತವಾದ ಮೇಲೆ ಕೊಯ್ದೆ. ಹೊಟ್ಟೆ ತುಂಬ ಕೂಳೆ ಜೋಳದ, ಅಂದರೆ ಕಟಾವಾದ ಮೇಲೆ ಬುಡದಿಂದ ಮತ್ತೆ ಒಡೆದ ಜೋಳದ, ಎಳೆ ಚಿಗುರು. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದಲ್ಲಿ ಸಯನೈಡ್ ಅಂಶ ಹೆಚ್ಚುತ್ತದೆ, ಜೋಳದ ಸೀಮೆಯವರಿಗೆ ಇದು ಹೊಸತೇನಲ್ಲ. ಸಯನೈಡ್ ಪತ್ತೆ ಮಾಡುವ ಹಳದಿ ಪಿಕ್ರೇಟ್ ಕಾಗದ ಇಟ್ಟಿಗೆಗೆಂಪಿಗೆ ತಿರುಗಿತು. ಆ ದಾಯಾದಿ ಅಷ್ಟರಲ್ಲಿ ಒಂದು ರಾತ್ರಿಯನ್ನು ಠಾಣೆಯಲ್ಲಿ ಕಳೆದಿದ್ದ.

ಒಟ್ಟಿಗೆ ಕಲಿಯಬೇಕಾದದ್ದು ಇಂಥ ಸಣ್ಣ ಸಂಗತಿಗಳನ್ನೇ. ವಿಷದ ಪರೀಕ್ಷೆಗೆ ಕಳುಹಿಸುವ ಮಾದರಿಗೆ ಅಂಗಾಂಶ ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ದ್ರಾವಣ ಹಾಕಿದರೆ ಅದು ಕೆಟ್ಟಂತೆಯೇ. ಅಂಗಾಂಶ ಪರೀಕ್ಷೆಗೆ ಅದೇ ಫಾರ್ಮಲಿನ್ ಬೇಕು. ರೋಗಾಣು ಪತ್ತೆಗೆ ಮಂಜುಗಡ್ಡೆ ಸಾಕು. ಸಯನೈಡ್ ಆವಿಯಾಗಿ ಹೋಗುವುದರಿಂದ ಡಬ್ಬಿಯನ್ನು ಗಾಳಿಯಾಡದಂತೆ ಮುಚ್ಚಬೇಕು. ಅದಕ್ಕೆ ಮೊಹರು ಹಾಕಿ, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಬರೆದಿಡುವ ಶಿಸ್ತನ್ನು ನಾವು ಪೊಲೀಸರಿಂದ ಕಲಿಯಬೇಕು. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನ ಪ್ರಕಾರ ಪ್ರಾಣಿಗೆ ವಿಷವಿಟ್ಟವನಿಗೆ 5 ವರ್ಷದವರೆಗೆ ಜೈಲಾಗಬಹುದು. ಆದರೆ ಮೊಹರಿಲ್ಲದ ಡಬ್ಬಿಯನ್ನು ನ್ಯಾಯಾಲಯ ನಂಬೀತೇ? ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂತರರಾಷ್ಟ್ರೀಯ ಪೊಲೀಸ್ ಸಂಘಟನೆ ಇಂಟರ್‌ಪೋಲ್ ಈ ಮೂರೂ 2019ರಲ್ಲಿ ಕೈಜೋಡಿಸಿದ್ದು ಇಂಥ ತರಬೇತಿಗಾಗಿಯೇ.

ಎಮ್ಮೆಯ ಮಾಲೀಕರಿಗೆ ನನ್ನ ವರದಿಯ ಮೇಲೆ ಇಂದಿಗೂ ನಂಬಿಕೆಯಿಲ್ಲ. ‘ಬಾನಿಯ ನೀರಿನಲ್ಲಿ ಏನಿತ್ತು?’ ಎಂದು ಕೇಳುತ್ತಾರೆ. ತೊಳೆಸಿದವನು ನಾನೇ, ಏನೆಂದು ಹೇಳಲಿ?