ಹಾಲುಹಲ್ಲು ಬೆಳ್ಳಗಿತ್ತು, ಹೊಸ ಹಲ್ಲಿಗೇಕೆ ಕಂದು ಕಲೆ?

ಪ್ರಶ್ನೆ: ಮಗಳಿಗೆ 8 ವರ್ಷ. ಹಾಲುಹಲ್ಲು ಬೆಳ್ಳಗೇ ಇದ್ದವು. ಹೋದ ವರ್ಷ ಬಂದ ಮುಂದಿನ ಹಲ್ಲುಗಳಲ್ಲಿ ಸುಣ್ಣ ಬಳಿದಂಥ ಗೆರೆ, ಕಂದು ಕಲೆ. ಸರಿಯಾಗಿ ಉಜ್ಜಲ್ಲ ಎಂದು ಅತ್ತೆ ದಿನಾ ಬೈಯುತ್ತಾರೆ. ಇದ್ದಿಲ ಪುಡಿಯಲ್ಲಿ ಉಜ್ಜಿಸಿದರೂ ಹೋಗಲಿಲ್ಲ. ಒಂದು ವರ್ಷದ ಮಗನೂ ಇದ್ದಾನೆ. ಕುಡಿಯುವುದು ಬೋರ್ ನೀರು.
– ಒಬ್ಬ ತಾಯಿ, ಪಾವಗಡ ತಾಲ್ಲೂಕು

ಉತ್ತರ: ಮೊದಲು ಆ ಇದ್ದಿಲ ಪುಡಿಯನ್ನು ತಿಪ್ಪೆಗೆ ಹಾಕಿ. ಮುಂದಿನದನ್ನು ಅತ್ತೆಯವರಿಗೂ ಓದಿ ಹೇಳಿ.

ಆ ಹಲ್ಲು ವಸಡಿನಿಂದ ಹೊರಬಂದದ್ದು ಹೋದ ವರ್ಷ. ಆದರೆ ಮಗು ಮೂರ್ನಾಲ್ಕು ತಿಂಗಳ ಕೂಸಾಗಿದ್ದಾಗಲೇ ದವಡೆಯೊಳಗೆ ಅದರ ಕೆಲಸ ಶುರುವಾಗಿತ್ತು. ಎರಡು ಸಾಲು ಜೀವಕೋಶಗಳು ಬೆನ್ನು ತಿರುಗಿಸಿ ಸರಿಯುತ್ತಾ ಹೋಗುತ್ತವೆ. ಒಳಕ್ಕೆ ಸರಿಯುವ ಸಾಲು ಹಲ್ಲಿನ ಒಳಪದರವಾದ ಡೆಂಟಿನ್ ಕಟ್ಟುತ್ತದೆ, ಹೊರಕ್ಕೆ ಸರಿಯುವ ಸಾಲು ಮೇಲಿನ ಗಟ್ಟಿ ಹೊದಿಕೆಯಾದ ಎನಾಮೆಲ್. ಎನಾಮೆಲ್ ಮೊದಲು ಮೆತ್ತಗಿರುತ್ತದೆ, ಪ್ರೋಟೀನ್ ಜಾಸ್ತಿ. ಆ ಪ್ರೋಟೀನ್ ತೆಗೆದು ಕ್ಯಾಲ್ಸಿಯಂ, ಫಾಸ್ಫೇಟ್ ತುಂಬಬೇಕು. ಕೆಲಸ ಮುಗಿದಾಗ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜವೇ. ನೆಲದ ಕಲ್ಲಿನಿಂದ ನೀರಿಗೆ ಸೇರುವ ಫ್ಲೋರೈಡ್ ಎಂಬ ಲವಣ ಜಾಸ್ತಿಯಿದ್ದರೆ ಪ್ರೋಟೀನ್ ಪೂರ್ತಿ ಹೋಗುವುದಿಲ್ಲ. ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ಸುಣ್ಣದ ಗೆರೆ ಅದೇ. ಹಲ್ಲು ಹೊರಬಂದ ಮೇಲೆ ಆ ತೂತುಗಳಿಗೆ ಬಣ್ಣ ಇಳಿದು ಕಂದಾಗುತ್ತದೆ.

ಹಾಲುಹಲ್ಲಿನ ಎನಾಮೆಲ್ ಬಹುಪಾಲು ತಾಯಿಯ ಹೊಟ್ಟೆಯಲ್ಲೇ ಆಗಿಬಿಡುತ್ತದೆ, ಹಾಗಾಗಿ ಅದು ಬಚಾವಾಯಿತು.

ಉಜ್ಜಿದರೆ ಯಾಕೆ ಹೋಗಲ್ಲ? ಕಲೆ ಮೇಲೆ ಕೂತಿಲ್ಲ, ಒಳಗೇ ಇದೆ. ಡೆಂಟಿನ್ ಕಟ್ಟುವ ಕೋಶಗಳು ಹಲ್ಲಿನ ಒಳಗೆ, ನರ–ರಕ್ತ ಇರುವ ಪಲ್ಪ್‌ನ ಅಂಚಿನಲ್ಲಿ ಬದುಕಿರುತ್ತವೆ. ಎನಾಮೆಲ್ ಕಟ್ಟಿದವು ಹಲ್ಲು ಹುಟ್ಟುವ ಹೊತ್ತಿಗೆ ಸತ್ತಿರುತ್ತವೆ. ಹಾಗಾಗಿ ಇದ್ದಿಲಿನಿಂದ ಎನಾಮೆಲ್ ಸವೆದರೆ ಮತ್ತೆ ಬೆಳೆಯುವುದಿಲ್ಲ. ಅಂದಹಾಗೆ, ನನ್ನ ಹಲ್ಲಿನಲ್ಲೂ ಇದೇ ಕಲೆ ಇದೆ. ಶಾಲೆಯ ಗ್ರೂಪ್ ಫೋಟೊದಲ್ಲಿ ತುಟಿ ಬಿಗಿದು ನಿಂತಿದ್ದೆ. ಈಗ ರೋಗಿಗಳಿಗೆ ನಾನೇ ತೋರಿಸುತ್ತೇನೆ!

ನನಗೆ ಹೆಚ್ಚು ಯೋಚನೆ ನಿಮ್ಮ ಮಗನದು. ಅವನ ಹೊಸ ಹಲ್ಲುಗಳು ಈಗಲೇ ಒಳಗೆ ಕಟ್ಟುತ್ತಿವೆ. ಬೋರ್ ನೀರನ್ನು ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಳಗಿದ್ದರೆ ಸರಿ, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ. ಜಾಸ್ತಿಯಿದ್ದರೆ ಶುದ್ಧ ನೀರಿನ ಘಟಕದ್ದು ತನ್ನಿ. ಕುಡಿಯಲು ಮಾತ್ರವಲ್ಲ, ಅನ್ನ–ಸಾರಿಗೂ ಅದೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದರ ಪ್ರಮಾಣ ಏರುತ್ತದೆ.

ಮಗಳ ಕಲೆ ತಿಳಿಯಾಗಿಸಲು, ಮುಚ್ಚಲು ದಂತವೈದ್ಯರ ಹತ್ತಿರ ದಾರಿಗಳಿವೆ, ಅವಸರ ಬೇಡ. ಹೋದಾಗ ಹಿಂದಿನ ದವಡೆ ಹಲ್ಲನ್ನೂ ತೋರಿಸಿ. 6ನೇ ವರ್ಷದ ಹೊತ್ತಿಗೆ, ಯಾವ ಹಲ್ಲೂ ಬೀಳದೆ ಹಿಂದೆ ಹುಟ್ಟುವ ಅದನ್ನು ಎಲ್ಲರೂ ಹಾಲುಹಲ್ಲು ಅಂದುಕೊಂಡು ಸುಮ್ನೆ ಬಿಟ್ಟುಬಿಡುತ್ತಾರೆ.