ಕಲಿಯಲು ಬಂದ ಹುಡುಗರು ತೋಟದಲ್ಲಿ ನಿಲ್ಲಬೇಕಾದರೆ

ನಮಸ್ಕಾರ ಸರ್. ನಿಮ್ಮ ಮೂಡಿಗೆರೆಯ ಕಾಫಿ ತೋಟಕ್ಕೆ ರೈಟರ್ ಕೆಲಸ, ಅಂದರೆ ಹಾಜರಿ ಬರೆದು ಕಾರ್ಮಿಕರ ಮೇಲ್ವಿಚಾರಣೆ ನೋಡುವ ಕೆಲಸ, ಕಲಿಯಲೆಂದು ಸೇರಿದ ಪಿಯುಸಿ, ಡಿಪ್ಲೊಮಾ ಮುಗಿಸಿದ ಹುಡುಗರು ಎರಡು ತಿಂಗಳೊಳಗೆ ಬೆಂಗಳೂರಿಗೆ ಹೊರಡುತ್ತಿದ್ದಾರೆ, ಸಂಬಳ ಹೆಚ್ಚಿಸಿದರೂ ನಿಲ್ಲುತ್ತಿಲ್ಲ ಎಂದು ಬರೆದಿದ್ದೀರಿ. ಸಂಬಳ ಮುಖ್ಯವೇ. ಆದರೆ ಇಷ್ಟು ಬೇಗ ಬಿಡುವವರು ಬಹುಮಟ್ಟಿಗೆ ಬಿಡುವುದು, ಹೇಳಿದ ಕೆಲಸ ಒಂದು, ಸಿಕ್ಕ ಕೆಲಸ ಇನ್ನೊಂದು ಆದಾಗ ಮತ್ತು ಕಲಿಸುವವರು ಯಾರೂ ಇಲ್ಲದಾಗ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸೇರಿಸಿಕೊಳ್ಳುವ ಕಾಲವನ್ನೇ ಮೊದಲು ಬದಲಿಸಿ. ಅರೇಬಿಕಾ ಕಾಫಿಯ ಕೊಯ್ಲು ಜೋರಾದ ಮೇಲೆ ಹುಡುಗರನ್ನು ಹುಡುಕುವುದು ನಮ್ಮಲ್ಲಿ ರೂಢಿ. ಬೆಳಿಗ್ಗೆ ಹಾಜರಿ, ಸಂಜೆ ಹಣ್ಣಿನ ತೂಕ, ಕತ್ತಲಾದ ಮೇಲೂ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಎಂದು ಎಲ್ಲರೂ ಓಡಾಡುತ್ತಿರುವಾಗ ಹೊಸಬನಿಗೆ ಹೇಳಿಕೊಡಲು ಪುರಸೊತ್ತು ಯಾರಿಗಿರುತ್ತದೆ? ಅವನ ಪಾಲಿಗೆ ಬೈಗುಳವಷ್ಟೇ ಉಳಿಯುತ್ತದೆ. ಮಳೆ ಇಳಿಯುವ ಸೆಪ್ಟೆಂಬರ್‌ನಲ್ಲೇ ಸೇರಿಸಿಕೊಂಡರೆ ಕಾಂಡಕೊರಕ ಹುಳು ಬಿದ್ದ ಗಿಡ ಗುರುತಿಸುವುದನ್ನು, ಚಿಗುರು ತೆಗೆಸುವುದನ್ನು, ಹಾಜರಿ ಪುಸ್ತಕ ಬರೆಯುವುದನ್ನು ಸಮಾಧಾನದಿಂದ ಕಲಿತು, ಕೊಯ್ಲಿನ ಹೊತ್ತಿಗೆ ಕಾರ್ಮಿಕರ ಹೆಸರನ್ನೂ ಬ್ಲಾಕ್‌ಗಳ ಗಡಿಯನ್ನೂ ಅವನು ತಿಳಿದಿರುತ್ತಾನೆ.

ಸೇರಿಸಿಕೊಳ್ಳುವ ಮುನ್ನ ಹುಡುಗನ ಜೊತೆ ಮಾತನಾಡುವಾಗ ಏನನ್ನೂ ಮುಚ್ಚಿಡಬೇಡಿ. ಜುಲೈ ಮಳೆ, ಇಂಬಳ, ಕರೆಂಟ್ ಹೋಗುವುದು, ನೆಟ್‌ವರ್ಕ್ ಸಿಗದ ಲೈನ್ ಮನೆ (ತೋಟದ ಸಾಲುಮನೆ), ಎಲ್ಲವನ್ನೂ ತಂದೆತಾಯಿಯ ಎದುರಿಗೇ ಹೇಳಿ, ಎರಡು ದಿನ ಕೂಲಿ ಕೊಟ್ಟು ತೋಟ ಸುತ್ತಿಸಿ, ಆಮೇಲೆ ಒಪ್ಪಿಗೆ ಕೇಳಿ. ಆಗಲೇ ಬೇಡವೆನ್ನುವವನಿಂದ ನಷ್ಟವಿಲ್ಲ.

ಸೇರಿದವನನ್ನು ಒಬ್ಬ ಹಿರಿಯ ರೈಟರ್‌ಗೆ ಒಪ್ಪಿಸಿ. ನಾಲ್ವರು ನಾಲ್ಕು ಬಗೆಯ ಅಪ್ಪಣೆ ಕೊಡುವ ಕಡೆ ಯಾವ ಹುಡುಗನೂ ನಿಲ್ಲುವುದಿಲ್ಲ. ಕಲಿಸುವ ಹಿರಿಯರಿಗೂ ಸ್ವಲ್ಪ ಭತ್ಯೆ ಕೊಡುವುದು ನ್ಯಾಯ, ಏಕೆಂದರೆ ಅದು ಅವರಿಗೆ ಹೆಚ್ಚಿನ ಹೊರೆ. ಮೊದಲ ತಿಂಗಳು ವಾರಕ್ಕೊಮ್ಮೆ ನೀವೇ ಕೂರಿಸಿಕೊಂಡು ಊಟ, ಕೋಣೆ, ಕೆಲಸ ಹೇಗಿದೆ ಎಂದು ಕೇಳಿ. ಸಂಬಳದ ತಾರೀಖು ತಪ್ಪಬಾರದು, ರಜೆಯ ದಿನ ಕರೆಯಬಾರದು. ಆರು ತಿಂಗಳ ನಂತರ ಯಾವ ಜವಾಬ್ದಾರಿ, ಎಷ್ಟು ಸಂಬಳ ಎಂಬುದನ್ನು ಆರಂಭದಲ್ಲೇ ಬರೆದುಕೊಡಿ.

ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ಘಟಕವೂ ಇರುವ ಬೆಳೆಗಾರರು, ಕೆಲಸ ಕಲಿಯುವವರ ತರಬೇತಿಗೆ ಸಂಬಂಧಿಸಿದ 1961ರ ಅಪ್ರೆಂಟಿಸ್ ಕಾಯ್ದೆಯನ್ನು ಗಮನಿಸಬೇಕು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಡಿ, ನೋಂದಾಯಿತ ತರಬೇತಿದಾರರ ಸ್ಟೈಪೆಂಡಿನಲ್ಲಿ ಶೇ. 25ರಷ್ಟನ್ನು, ತಿಂಗಳಿಗೆ ಗರಿಷ್ಠ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರ ಭರಿಸುತ್ತದೆ.

ಸದ್ಯಕ್ಕೆ, ಬಿಟ್ಟುಹೋದ ಹುಡುಗರಿಗೆ ಬಾಕಿ ಏನಾದರೂ ಇದ್ದರೆ ಮೊದಲು ಅದನ್ನು ಕೊಡಿ. ನಂತರ ಫೋನ್ ಮಾಡಿ, ಯಾವ ಕಾರಣಕ್ಕೆ ಬೇಸರವಾಯಿತೆಂದು ವಾದಿಸದೆ ಕೇಳಿಸಿಕೊಂಡು, ಹೊಸಬರನ್ನು ಕರೆಯುವ ಮುನ್ನ ಅದನ್ನು ಸರಿಪಡಿಸಿ.